ಹಸಿರು ಪೊಟ್ಟಣದ ಹಿಂಬದಿ

ತಿಯೆನ್‌ಶೆಂಗ್‌ಗೆ ತಪ್ಪು ತಾರೀಕು ಕಂಡರೆ ಮೈ ಉರಿಯುತ್ತಿತ್ತು. ಬೆಳಿಗ್ಗೆ ನನ್ನ ಅಂಗಡಿಗೆ ಅನ್ನ, ಹಂದಿಮಾಂಸ ತಿನ್ನಲು ಬಂದವನು ಕುರ್ಚಿ ಎಳೆಯುವ ಮೊದಲೇ ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದು ಬುಟ್ಟಿಗೆ ಹಾಕುತ್ತಿದ್ದ.

"ನಿನ್ನ ಅಂಗಡೀಲಿ ಇನ್ನೂ ನಿನ್ನೇನೇ ನಡೀತಿದೆಯಲ್ಲಕ್ಕಾ! ಮಾಂಸಾನೂ ನಿನ್ನೇದೇನಾ?"

ಹದಿನೇಳು ವರ್ಷ ಇದೇ ಮಾತು. ಆ ಹಾಳೆಯನ್ನು ನಾನು ಒಂದು ದಿನವೂ ಮುಟ್ಟಲಿಲ್ಲ, ಅವನಿಗೇ ಬಿಟ್ಟಿದ್ದೆ.

ಚಾಂಗ್‌ಹುವಾ ರೈಲು ನಿಲ್ದಾಣದ ಹಿಂದೆ ನಮ್ಮದು ಅಕ್ಕಪಕ್ಕದ ಅಂಗಡಿ. ಅವನಿಗೆ ಕೆಲಸ ಕೊಟ್ಟಿದ್ದ ಕಾರ್ಖಾನೆ ಮುಚ್ಚಿತು, ಹೆಂಡತಿ ಬಿಟ್ಟುಹೋದಳು, ಕೈಯ ಕಸುಬೊಂದು ಉಳಿಯಿತು. ಕಚೇರಿಗಳು ಬಿಸಾಡಿದ ಕಂಪ್ಯೂಟರುಗಳನ್ನು ತಂದು ಧೂಳು ಊದುತ್ತಿದ್ದ, ಒಳಗಿನ ಬಿಲ್ಲೆ ಬ್ಯಾಟರಿ ಬದಲಿಸಿ ತಾರೀಕು ಸರಿಮಾಡುತ್ತಿದ್ದ. ಉಳಿದದ್ದೆಲ್ಲ ಆಮೇಲೆ. ಪ್ರತಿಯೊಂದರ ತಲೆಯ ಮೇಲೂ ಜೋಳದ ಕುರುಕಲಿನ ಹಸಿರು ಪೊಟ್ಟಣ. ಯಂತ್ರ ತಂಟೆ ಮಾಡದಿರಲಿ ಎಂದು ನಾವೆಲ್ಲ ಇಡುತ್ತೇವೆ. ಅವಧಿ ಮುಗಿದ ಪೊಟ್ಟಣ ಇಟ್ಟರೆ ಕೇಡು ಅನ್ನುವುದೂ ಇಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಮುಳುವಾದದ್ದು ಅದೇ.

ಮಾರ್ಚ್‌ನಲ್ಲಿ ಸುಛಿನ್ ತನ್ನ ತಮ್ಮ ಆಬಿನ್ ಜೊತೆ ಬಂದಳು. ಗಂಡ ಸತ್ತು ಐದು ತಿಂಗಳಾಗಿತ್ತು. ಅವನು ಬಿಟ್ಟುಹೋದ, ಲೋಹಕ್ಕೆ ಲೇಪ ಹಾಕುವ ಶೆಡ್ಡನ್ನು ಅಕ್ಕತಮ್ಮ ನಡೆಸುತ್ತಿದ್ದರು. ಸ್ಕೂಟರಿಗೆ ಕಟ್ಟಿ ತಂದಿದ್ದ ಕೆಟ್ಟ ಕಂಪ್ಯೂಟರಿನ ಮೇಲೆ ಬಣ್ಣಗೆಟ್ಟ ಹಸಿರು ಪೊಟ್ಟಣವೊಂದು ಟೇಪಿನಿಂದ ಅಂಟಿಕೊಂಡಿತ್ತು.

"ಅಣ್ಣಾ, ಬೇರೆ ಕಂಪ್ಯೂಟರ್ ಕೊಡು, ಆದ್ರೆ ಅದ್ರಲ್ಲಿ ಹಳೇ ವಿಂಡೋಸೇ ಇರ್ಬೇಕು. ಹೊಸದ್ರಲ್ಲಿ ನಮ್ಮನೆಯವ್ರ ಪ್ರೋಗ್ರಾಮು ಓಡಲ್ಲ. ಆಸಿಡ್ ತೊಟ್ಟಿ ಹತ್ರ ಹೊಗೆ ಜಾಸ್ತಿ ಆದ್ರೆ ಫ್ಯಾನ್ ಹಾಕೋದು ಅದೇ. ಫ್ಯಾನ್ ಏಳ್ಲಿಲ್ಲ ಅಂದ್ರೆ ವಿಷ ಒಳಗೇ ನಿಲ್ಲುತ್ತೆ. ಅಲ್ಲಿ ಕೆಲ್ಸ ಮಾಡೋನು ಇವ್ನೇ."

"ಹೆದರ್ಬೇಡಮ್ಮ, ಹೊಸ ಸೊಸೇನ ಅತ್ತೆ ಮಾಡಿ ಕೊಡ್ತೀನಿ."

"ಅತ್ತೆ ಬೇಡಣ್ಣ, ನಂಗೆ ಅಕ್ಕನೇ ಸಾಕಾಗಿದ್ದಾಳೆ," ಎಂದ ಆಬಿನ್. ಅವಳು ಅವನ ಬೆನ್ನಿಗೊಂದು ಗುದ್ದಿದಳು.

ತಿಯೆನ್‌ಶೆಂಗ್ ಒಂದು ಡೆಸ್ಕ್‌ಟಾಪ್ ಆರಿಸಿ, ಅದರಲ್ಲಿದ್ದುದನ್ನೆಲ್ಲ ಅಳಿಸಿ, ಇಪ್ಪತ್ತು ವರ್ಷದ ಹಿಂದಿನ ವಿಂಡೋಸ್ ಹಾಕತೊಡಗಿದ. ಆ ಹಳೆಯ ವಿಂಡೋಸಿನ ಕಣ್ಣಿಗೆ ಡಿಸ್ಕೇ ಬೀಳಲಿಲ್ಲ. ಸೆಟ್ಟಿಂಗನ್ನು ಹಿಂದಿನ ಕಾಲದ ರೀತಿಗೆ ಬದಲಿಸಿದ ಮೇಲೆ ಕಂಡಿತು. ಸತ್ತ ಯಂತ್ರದ ಡಿಸ್ಕಿನಿಂದ ಪ್ರೋಗ್ರಾಮನ್ನು ಎತ್ತಿಕೊಂಡ. ಕೊನೆಗೆ ಆ ಪೊಟ್ಟಣ ಕಿತ್ತು, ಮುಂಬದಿಯ ತಾರೀಕು ನೋಡಿದ.

"ಅವಧಿ ಮುಗಿದು ನಾಲ್ಕು ವರ್ಷ! ಯಮನ್ನೇ ತಲೆ ಮೇಲೆ ಕೂರಿಸ್ಕೊಂಡಿದ್ದೀರಲ್ಲ ಮಾರಾಯ್ರೇ!"

ಅದನ್ನು ನನ್ನ ಕಸದ ಚೀಲಕ್ಕೆಸೆದು, ಹೊಸ ಪೊಟ್ಟಣ ಇಟ್ಟ. ನಾನೂ ನಕ್ಕೆ.

ಸಂಜೆ ತಾನೇ ಹೋಗಿ ಶೆಡ್ಡಿನಲ್ಲಿ ಜೋಡಿಸಿದ. ಫ್ಯಾನನ್ನು ನೇರವಾಗಿ ತಿರುಗಿಸುವ ಪರೀಕ್ಷೆಯ ಗುಂಡಿ ಒತ್ತಿದರೆ ಅದು ಗಿರ್ರೆಂದಿತು, ಪರದೆಯಲ್ಲಿ ಹಸಿರು ದೀಪ ಹತ್ತಿತು. ಆಬಿನ್ ಚೀಲದ ತುಂಬ ಸೀಬೆಹಣ್ಣು ಕೊಟ್ಟು ಕಳಿಸಿದ.

ಮರುದಿನ ಸಂಜೆ ಕಸದ ಲಾರಿಯ ಹಾಡು ಕೇಳಿ ಚೀಲ ಎತ್ತಿದೆ. ತಳ ಹರಿದು ಎಲ್ಲ ರಸ್ತೆಗೆ ಸುರಿಯಿತು. ಬೈದುಕೊಳ್ಳುತ್ತ ಬಳಿಯುವಾಗ ಆ ಪೊಟ್ಟಣ ಬೋರಲು ಬಿದ್ದಿರುವುದು ಕಂಡಿತು. ಟೇಪಿನಡಿ ಮುಚ್ಚಿಹೋಗಿದ್ದ ಹಿಂಬದಿಯಲ್ಲಿ ದಪ್ಪ ಪೆನ್ನಿನ ಅಕ್ಷರ, ಸುಛಿನ್‌ಳ ಗಂಡನದೇ ಇರಬೇಕು. ಜೋರಾಗಿ ಓದಿದೆ:

"ಪ್ರತಿ ಹೊಸ ವರ್ಷ ತಾರೀಕನ್ನು 95ಕ್ಕೆ ಹಿಂದಿಡಬೇಕು. ಇದಕ್ಕೆ ಎರಡೇ ಅಂಕೆ ಗೊತ್ತು. 100 ದಾಟಿದರೆ ಫ್ಯಾನ್ ಏಳುವುದಿಲ್ಲ."

ಅಂಗಡಿಯ ಬಾಗಿಲಲ್ಲಿದ್ದ ತಿಯೆನ್‌ಶೆಂಗ್‌ನ ಕೈಯಿಂದ ಅರ್ಧ ತಿಂದ ಸೀಬೆ ಬಿತ್ತು.

"ನೂರಾ ಹದಿನಾಲ್ಕು," ಎಂದ. ನಮ್ಮಲ್ಲಿ ಗಣರಾಜ್ಯವಾದ 1912ನ್ನು ಒಂದನೆಯ ವರ್ಷ ಎಂದು ಎಣಿಸುತ್ತೇವೆ, ಆ ಲೆಕ್ಕದಲ್ಲಿ ಈ ವರ್ಷ ಅದೇ. "ಈ ವರ್ಷದ ತಾರೀಕು ನಾನೇ ಹಾಕ್ದೆ ಅಕ್ಕಾ. ಈ ಕೈಯಲ್ಲೇ ಹಾಕ್ದೆ."

ಸುಛಿನ್‌ಗೆ ಫೋನ್ ಮಾಡಿದ. ಅವಳು ಮಾರುಕಟ್ಟೆಯಲ್ಲಿದ್ದಳು. "ಆಬಿನ್ನಾ? ತೊಟ್ಟಿ ಹತ್ರ ಇದಾನೆ, ಯಾಕಣ್ಣ?" ಎಂದಳು. ಆಬಿನ್ ಫೋನ್ ಎತ್ತಲಿಲ್ಲ.

ತಿಯೆನ್‌ಶೆಂಗ್‌ನ ಸ್ಕೂಟರಿನ ಹಿಂದೆ ನಾನೂ ಕೂತೆ. ಹದಿನೈದು ನಿಮಿಷದ ದಾರಿ. ಶೆಡ್ಡಿನೊಳಗೆ ಫ್ಯಾನಿನ ಸದ್ದಿರಲಿಲ್ಲ. ಬಾಗಿಲು ತೆರೆದರೆ ಕಣ್ಣು, ಗಂಟಲು ಉರಿದುಹೋದವು. ಅವನು ಮೂಗಿಗೆ ಅಂಗಿ ಒತ್ತಿಕೊಂಡು ನುಗ್ಗಿ, ತೊಟ್ಟಿಯ ಪಕ್ಕ ಬಿದ್ದಿದ್ದ ಆಬಿನ್‌ನನ್ನು ಕಾಲು ಹಿಡಿದು ಹೊರಗೆಳೆದ. ಬಾಗಿಲಿನಿಂದಲೇ ನನಗೆ ಪರದೆ ಕಾಣುತ್ತಿತ್ತು: "ವರ್ಷ 14. ವರ್ಷ 93ಕ್ಕೆ ಕಾಯಲಾಗುತ್ತಿದೆ." ಪಕ್ಕದಲ್ಲಿ ಹಸಿರು ದೀಪ, ಮೇಲೆ ಹೊಸ ಪೊಟ್ಟಣ. ಪ್ರೋಗ್ರಾಮು ಹುಟ್ಟಿದ್ದೇ ತೊಂಬತ್ತಮೂರರಲ್ಲಂತೆ. ನೂರಾ ಹದಿನಾಲ್ಕರಲ್ಲಿ ಅದಕ್ಕೆ ಕಂಡದ್ದು ಕೊನೆಯ ಹದಿನಾಲ್ಕು ಮಾತ್ರ. ತಾನು ಹುಟ್ಟುವ ದಿನಕ್ಕಾಗಿ ಅದು ಸುಮ್ಮನೆ ಕಾಯುತ್ತಿತ್ತು.

ಆಬಿನ್ ಉಳಿಯಲಿಲ್ಲ.

ಸುಛಿನ್ ತಿಯೆನ್‌ಶೆಂಗ್‌ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪೊಟ್ಟಣದ ಹಿಂದೆ ಏನಿದೆ ಅಂತ ನಾನೂ ನೋಡ್ಲಿಲ್ವಲ್ಲಣ್ಣ," ಅಂದಳು, ಅಷ್ಟೇ.

ತಿಯೆನ್‌ಶೆಂಗ್ ಈಗಲೂ ಬೆಳಿಗ್ಗೆ ಬರುತ್ತಾನೆ, ಗೋಡೆಗೆ ಬೆನ್ನು ಹಾಕಿ ಕೂತು ಉಣ್ಣುತ್ತಾನೆ. ಗಿರಾಕಿಗಳು ತಾರೀಕು ತಪ್ಪಿದೆ ಎಂದರೆ ನನಗೆ ಸಿಟ್ಟು ಬರುತ್ತದೆ, ನಿಮ್ಮ ಪಾಡಿಗೆ ಉಣ್ಣಿ ಅನ್ನುತ್ತೇನೆ. ಕ್ಯಾಲೆಂಡರಿನಲ್ಲಿ ಇನ್ನೂ ಆಬಿನ್ ಹೋದ ದಿನ, ಮಾರ್ಚ್ ಇಪ್ಪತ್ತೇ ಇದೆ.