ಹಡಗಿನ ಬೆಂಕಿ, ಖಾನಾಪುರದ ರೊಟ್ಟಿ

"ಬೆಂಕಿ ಹಡಗಿನ್ಯಾಗ ಬರತೈತಿ ಅಂತೀರಿ. ಹಡಗ ತಡಾ ಆದ್ರ ನನ್ನ ರೊಟ್ಟಿ ಗತಿ ಏನ್ರೀ?"

ಹಿಂಡಲಗಾದಲ್ಲಿ ಬಾಡಿಗೆಗೆ ಖೋಲಿ, ಅಂದರೆ ಕೋಣೆ, ಕೇಳಲು ಹೋದಾಗ ಮನೆಯೊಡತಿ ನೀಲವ್ವ ಕೇಳಿದ ಮೊದಲ ಪ್ರಶ್ನೆ ಇದು. ನಮ್ಮ ಮುಳಬಾಗಿಲಿನಲ್ಲಿ ಮನೆ ಕೊಡುವವರು ಸಂಬಳ ಕೇಳುತ್ತಾರೆ, ಮದುವೆ ಆಗಿದೆಯಾ ಎನ್ನುತ್ತಾರೆ. ಸಮುದ್ರದ ಸಮಾಚಾರ ಕೇಳಿದವರು ಇವರೊಬ್ಬರೇ. ತಪ್ಪು ನನ್ನದೇ. ಗ್ಯಾಸ್ ಕಂಪನಿಯ ಕೆಲಸ ಎಂದಷ್ಟೇ ಹೇಳದೆ, ಹಡಗನ್ನು ಹೆಗಲ ಮೇಲೆ ಹೊತ್ತು ತರುವವನಂತೆ ಭಾಷಣ ಬಿಗಿದಿದ್ದೆ.

ನಿಮಗೆ ತಿಳಿಯುವಂತೆ ಹೇಳುವುದಾದರೆ, ನಾನಿಲ್ಲಿ ಗ್ಯಾಸಿನ ನೀರಗಂಟಿ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಬಿಡಬೇಕೆಂದು ಅವನು ನೋಡುತ್ತಾನಲ್ಲ, ಹಾಗೆ. ವಿದೇಶದಲ್ಲಿ ಗ್ಯಾಸನ್ನು ವಿಪರೀತ ತಣ್ಣಗೆ ಮಾಡಿ, ದ್ರವವಾಗಿಸಿ ಹಡಗಿಗೆ ತುಂಬುತ್ತಾರೆ. ಕೊಂಕಣದ ದಂಡೆಯಲ್ಲಿ ಅದು ಮತ್ತೆ ಗಾಳಿಯಾಗಿ, ಪೈಪಿನಲ್ಲಿ ಘಟ್ಟ ಹತ್ತಿ ಬೆಳಗಾವಿಗೆ ಬರುತ್ತದೆ. ಇಲ್ಲಿನ ಅಡುಗೆಮನೆಗಳಿಗೆ ಸಣ್ಣ ಪೈಪು. ನಮ್ಮ ಪೈಪು ಮುಟ್ಟದ ಖಾನಾಪುರದ ಬಂಕಿಗೆ, ಆಟೋ ಟೆಂಪೋಗಳಿಗಾಗಿ, ಲಾರಿಯಲ್ಲಿ ಹೋಗುತ್ತದೆ. ಯಾರಿಗೆಷ್ಟು ಎಂದು ಹಂಚುವ ಮಹಾಪುರುಷ ನಾನು.

ನನ್ನ ಭಾಷಣ ನಂಬಿ ನೀಲವ್ವ ಖೋಲಿ ಕೊಟ್ಟರು, ಸಿಲಿಂಡರ್ ಬಿಟ್ಟು ಪೈಪನ್ನೂ ಹಾಕಿಸಿಕೊಂಡರು. ಅವರದು ರೊಟ್ಟಿ ವ್ಯಾಪಾರ. ಖಾನಾಪುರದ ಮದುವೆಯೊಂದಕ್ಕೆ ರಾಶಿ ರೊಟ್ಟಿ ಒಪ್ಪಿಕೊಂಡ ದಿನ ಷರತ್ತು ಹಾಕಿದರು: "ಅವತ್ತ ಒಲಿ ಆರಿತು ಅಂದ್ರ ಖೋಲಿ ಖಾಲಿ ಮಾಡ್ರಿ."

ಮದುವೆಯ ಹಿಂದಿನ ದಿನವೇ ಸಮುದ್ರ ಕೆರಳಬೇಕೆ! ಹಡಗು ದಡಕ್ಕೆ ಬಾರದೆ ದೂರದಲ್ಲೇ ನಿಂತಿತು. ಪೈಪಿನಲ್ಲಿ ಉಳಿದದ್ದನ್ನೇ ಹಂಚಬೇಕು. ಒಲೆಗಳು ಆರದಿರಲೆಂದು ನಾನು ವೀರನಂತೆ ಖಾನಾಪುರದ ಲಾರಿಯನ್ನು ತಡೆದೆ. ಬೆಳಿಗ್ಗೆ ನೀಲವ್ವನ ಒಲೆ ನೀಲಿಯಾಗಿ ಉರಿಯಿತು. ರೊಟ್ಟಿಗಳು ಉಬ್ಬಿದವು. ಅವುಗಳಿಗಿಂತ ಹೆಚ್ಚು ನಾನು ಉಬ್ಬಿದೆ.

ಆಗ ರೊಟ್ಟಿ ಒಯ್ಯಲು ಖಾನಾಪುರದಿಂದ ಬರಬೇಕಿದ್ದ ಟೆಂಪೋದ ಪರಶುರಾಮ ಫೋನು ಮಾಡಿದ.

"ಅವ್ವಾ, ಗಾಡ್ಯಾಗ ಗ್ಯಾಸ್ ಇಲ್ಲ. ಬಂಕಿಗೆ ಲಾರೀನ ಬಂದಿಲ್ಲ. ಯಾವ ಶಾಣ್ಯಾ ನಿಲ್ಲಿಸ್ಯಾನೋ!"

ಶಾಣ್ಯಾ ಎಂದರೆ ಜಾಣ. ಆದರೆ ಈ ದನಿಯಲ್ಲಿ ಅಂದರೆ ಅದು ಹೊಗಳಿಕೆಯಲ್ಲ.

ನೀಲವ್ವ ನನ್ನತ್ತ ತಿರುಗಿದರು. "ಆ ಶಾಣ್ಯಾ ಇಲ್ಲೇ ಚಾ ಕುಡ್ಯಾಕತ್ತಾನ."

ಈಗ ಲಾರಿ ತುಂಬಿ ಕಳಿಸಿದರೂ ಅದು ಮುಟ್ಟುವಷ್ಟರಲ್ಲಿ ಮದುವೆ ಊಟ ಮುಗಿದಿರುತ್ತದೆ. ಬೇರೆ ಗಾಡಿ ಸಿಗದೆ, ರೊಟ್ಟಿಯ ಗಂಟುಗಳನ್ನು ತಬ್ಬಿಕೊಂಡು ಕೆಂಪು ಬಸ್ಸು ಹತ್ತಿದೆ. ಪಕ್ಕದ ಅಜ್ಜಿ ಮರಾಠಿಯಲ್ಲಿ, "ಭಾಕರಿ ಕಿತೀಲಾ?" ಎಂದರು, ರೊಟ್ಟಿ ಎಷ್ಟಕ್ಕೆ ಎಂದು. ನಮ್ಮೂರ ಕನ್ನಡಕ್ಕೆ ತೆಲುಗು ಬೆರೆತಂತೆ ಇಲ್ಲಿ ಮರಾಠಿ ಬೆರೆಯುತ್ತದೆ. ಗಾಬರಿಯಲ್ಲಿ ನಾನು ತೆಲುಗಿನಲ್ಲೇ, "ಅಮ್ಮೇದಿ ಕಾದು," ಮಾರುವುದಲ್ಲ, ಎಂದುಬಿಟ್ಟೆ. ಅಜ್ಜಿ ಮರುಕಪಟ್ಟು ಒಂದು ಬಾಳೆಹಣ್ಣು ಕೊಟ್ಟರು.

ಪಂಕ್ತಿ ಕೂರುವ ಮೊದಲೇ ಮದುವೆಮನೆ ಮುಟ್ಟಿದೆ. "ಬರ್ರಿ ರೊಟ್ಟಿಯವ್ರ, ಕುಂದರ್ರಿ, ಉಂಡ ಹೋಗ್ರಿ," ಎಂದು ಹುಡುಗಿಯ ಸೋದರಮಾವ ಕೈ ಹಿಡಿದು ಕೂರಿಸಿದ. ನನ್ನ ಎಂಜಿನಿಯರಿಂಗ್ ಡಿಗ್ರಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ!

ಸಂಜೆ ಹಡಗು ದಡ ಸೇರಿತು. ಮೊದಲ ಲಾರಿಯನ್ನು ಖಾನಾಪುರಕ್ಕೇ ಕಳಿಸಿ, ಖೋಲಿ ಹೋಯಿತೆಂದುಕೊಂಡೇ ಹಿಂಡಲಗಾಕ್ಕೆ ಹೋದೆ.

"ಖೋಲಿ ಇರ್ಲಿ ಬಿಡು," ಎಂದರು ನೀಲವ್ವ. "ಕೈ ತೊಳ್ಕೊ. ಎಣ್ಣಿಗಾಯಿ ಆರಾಕತ್ತೈತಿ."

ತಟ್ಟೆಯ ಮುಂದೆ ಕೂತಿದ್ದಾಗ ಮುಳಬಾಗಿಲಿನಿಂದ ಅಮ್ಮನ ಫೋನು. "ಹಬ್ಬಕ್ಕೆ ಯಾವಾಗ ಬತ್ತೀಯಪ್ಪಾ?"

"ಮನೇಲಿ ಕೇಳಿ ಹೇಳ್ತೀನಮ್ಮ."



"ಯಾವ್ ಮನೇಲೋ?"

ಬಾಯಲ್ಲಿದ್ದ ರೊಟ್ಟಿಯನ್ನು ನಾನು ಅಗಿಯುತ್ತಲೇ ಇದ್ದೆ.