ಬೀಳುವ ಪಾಠ

ನನ್ನ ತಮ್ಮನನ್ನು ಎಲ್ಲರೂ ಹೊಗಳುತ್ತಾರೆ. ನಾಲ್ಕೇ ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದ ನೋಡಿ ಎನ್ನುತ್ತಾರೆ. ಎಲ್ಲಿಂದ ಹೊರಟ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಎಲ್ಲಿಗೆ ಬಂದ ಎಂಬುದನ್ನು ನೆನೆದರೆ ನನಗೆ ಅಸಹ್ಯವಾಗುತ್ತದೆ.

ಕಾಲೇಜಿಗೆ ಸೇರಿದಾಗ ಅವನ ಅಡ್ಡಹೆಸರು ಕಡ್ಡಿ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್. ಅಂದರೆ ಚೆಂಡನ್ನು ಪುಟಿಸುತ್ತಾ ಮುಂದಕ್ಕೆ ತಂದು, ಯಾರಿಗೆ ಕೊಡಬೇಕು, ಯಾವಾಗ ತಾನೇ ನುಗ್ಗಬೇಕು ಎಂದು ತೀರ್ಮಾನಿಸುವವನು. ನಮ್ಮ ಕಡ್ಡಿಗೆ ಚೆಂಡಿನಿಂದ ಕಣ್ಣು ಕೀಳಲೇ ಬರುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ಓಡಿ ತನ್ನ ತಂಡದವನ ಎದೆಗೇ ಡಿಕ್ಕಿ ಹೊಡೆದ ಮಹಾನುಭಾವ. ಎಡಗೈಯಂತೂ ಇದ್ದೂ ಇಲ್ಲದ ಹಾಗೆ. ಆದರೆ ಹುಡುಗನಿಗೆ ಒಂದು ಗುಣವಿತ್ತು. ಸೋತು ಬಂದ ದಿನ ಊಟ ಬಿಟ್ಟು ಅಳುತ್ತಿದ್ದ, ಮರುದಿನ ಎಲ್ಲರಿಗಿಂತ ಮೊದಲು ಮೈದಾನದಲ್ಲಿರುತ್ತಿದ್ದ.

ನಾನೂ ಅದೇ ಕಾಲೇಜಿಗೆ ಆಡಿದವಳು. ಈಗ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಸಂಜೆ ಮನೆಗೆ ಬಂದವಳೇ ಅವನನ್ನು ತಾರಸಿಗೆ ಎಳೆದುಕೊಂಡು ಹೋಗುತ್ತಿದ್ದೆ. ನೀರಿನ ಟ್ಯಾಂಕಿನ ಗೋಡೆಗೆ ಸೀಮೆಸುಣ್ಣದಲ್ಲಿ ಚೌಕ ಬರೆದು, ಅವನ ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿ, ಎಡಗೈಯಲ್ಲಿ ಪುಟಿಸು, ಎಡಗೈಯಲ್ಲಿ ಎಸೆ ಎನ್ನುತ್ತಿದ್ದೆ. ಒಣಗಲು ಹಾಕಿದ ಬಟ್ಟೆಗಳೇ ಎದುರಾಳಿಗಳು. ಕೆಳಗಿನ ಮನೆಯವರು ಸೂರು ಕುಸಿಯುತ್ತದೆ ಎಂದು ಕೂಗಾಡಿದರು. ಹಾಸಿಗೆ ಹೊದಿಕೆಯ ಮೇಲೆ ಚೆಂಡಿನ ಗುರುತು ಕಂಡು ಅಮ್ಮ ಇಬ್ಬರಿಗೂ ಮಂಗಳಾರತಿ ಎತ್ತಿದಳು.

ಎರಡನೇ ವರ್ಷ ಅವನ ತಲೆ ಮೇಲೆದ್ದಿತು. ಮೂರನೇ ವರ್ಷ ಎಡಗೈಗೆ ಜೀವ ಬಂತು. ಒಂದು ಪಂದ್ಯದಲ್ಲಿ ಗೋಡೆಯಂತೆ ನಿಂತ ಇಬ್ಬರು ಉದ್ದನೆಯವರ ನಡುವೆ ನುಸುಳಿ, ಎಡಗೈಯಿಂದ ಚೆಂಡನ್ನು ಬುಟ್ಟಿಗೆ ಹಾಕಿದಾಗ ನಾನು ಕೂಗಿದ ಕೂಗಿಗೆ ಗಂಟಲು ಕಟ್ಟಿತು. ಮರುದಿನ ಲ್ಯಾಬಿನಲ್ಲಿ ಕೈಸನ್ನೆಯಲ್ಲೇ ಮಾತಾಡಿದೆ. ಅಷ್ಟು ಸಂತೋಷ ನನಗೆ ನನ್ನ ಆಟದಿಂದಲೂ ಆಗಿರಲಿಲ್ಲ.

ಕೊನೆಯ ವರ್ಷ ಹೊಸ ಕೋಚ್ ಬಂದ. ಸದಾ ನಗುಮುಖ, ಬಾಯಿ ತೆರೆದರೆ ಜೇನು. ಒಂದು ದಿನ ತಮ್ಮ ಮರೆತ ಶೂ ಕೊಡಲು ಹೋದೆ. ನೋಡಿದರೆ ಅಂಕಣದ ತುಂಬ ವ್ಯಾಯಾಮದ ಮೆತ್ತೆ ಹಾಸಿದೆ. ಹುಡುಗರು ಒಬ್ಬೊಬ್ಬರಾಗಿ ಓಡಿ ಬಂದು, ಯಾರೂ ಮುಟ್ಟದೆ, ಅಯ್ಯೋ ಎಂದು ಅಂಗಾತ ಬೀಳುತ್ತಿದ್ದಾರೆ.

"ಕೂಗಿ ಬೀಳ್ಬೇಡ್ರೋ, ಬೀಳ್ತಾ ಕೂಗಿ," ಎನ್ನುತ್ತಿದ್ದ ಕೋಚ್. "ಮೊದಲೇ ಕೂಗಿದ್ರೆ ರೆಫರಿಗೆ ನಾಟಕ ಗೊತ್ತಾಗಿಬಿಡುತ್ತೆ, ಎದುರಿನವನಿಗೆ ಫೌಲ್ ಕೊಡಲ್ಲ. ಕಡ್ಡಿನ ನೋಡಿ ಕಲೀರಿ!"

ತಮ್ಮ ಓಡಿ ಬಂದ. ಕತ್ತು ಹಿಂದಕ್ಕೆ ಚಿಮ್ಮಿತು, ಕೈ ಗಾಳಿಗೆ ಹಾರಿತು, ಬಿದ್ದು ಮೊಣಕಾಲು ಹಿಡಿದುಕೊಂಡು ಹೊರಳಾಡಿದ. ನಿಜವಾಗಿಯೂ ಪೆಟ್ಟಾಯಿತೆಂದು ನಾನು ಎರಡು ಹೆಜ್ಜೆ ಮುಂದೆ ಓಡಿದೆ. ಮರುಗಳಿಗೆ ಎದ್ದು ಹಲ್ಲು ಕಿರಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಥೂ ಎನಿಸಿತು. ನಾನು ದಿನವಿಡೀ ಸೂಜಿ ಚುಚ್ಚುವವಳು. ನಿಜವಾಗಿ ನೋಯುವ ಜನ ತುಟಿ ಕಚ್ಚಿ ಗೋಡೆ ನೋಡುತ್ತಾರೆ. ಇವನು ನೋವಿಲ್ಲದೆ ಹೊರಳಾಡುತ್ತಿದ್ದ.

"ಇದೂ ಆಟದ ಭಾಗ ಕಣೇ ಅಕ್ಕಾ," ಎಂದ ಮನೆಯಲ್ಲಿ. "ಬುದ್ಧಿ ಉಪಯೋಗಿಸ್ಬೇಕು."

"ಇದಕ್ಕೆ ಬುದ್ಧಿ ಅನ್ನಲ್ಲ. ಕಣ್ಣಿಗೆ ಮಣ್ಣೆರಚೋದು ಅಂತಾರೆ."

"ಬಿಡೇ, ಗೆಲ್ತಿದ್ದಾನಲ್ಲ," ಎಂದಳು ಅಮ್ಮ.

ಗೆಲ್ಲುತ್ತಿದ್ದುದು ನಿಜ. ಆ ವರ್ಷ ಅವನು ಬಿದ್ದಷ್ಟು ಬಾರಿ ತಂಡ ಗೆದ್ದಿತು. ಪತ್ರಿಕೆಯವರು 'ಪಳಗಿದ ಆಟಗಾರ' ಎಂದು ಬರೆದರು. ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು.

ಫೈನಲ್ ಅವನ ಕಾಲೇಜು ಜೀವನದ ಕೊನೆಯ ಪಂದ್ಯ. ಹೊರಡುವಾಗ ಒಂದೇ ಮಾತು ಕೇಳಿದೆ. "ಇದೊಂದು ಆಟವನ್ನಾದ್ರೂ ನಿಂತು ಆಡೋ. ನನಗೋಸ್ಕರ."

"ಆಯ್ತು ಕಣೇ, ಮಾತು ಕೊಟ್ಟೆ," ಎಂದ.

ಮಾತು ಉಳಿಸಿಕೊಳ್ಳುತ್ತಲೂ ಇದ್ದ. ಒಂದು ಸಲವೂ ಬೀಳದೆ ಆಡುತ್ತಿದ್ದ. ಎದುರು ತಂಡದ ಗಾರ್ಡ್ ಒಬ್ಬ ಗುಂಗುರು ಕೂದಲಿನವನು, ನೆರಳಿನಂತೆ ಬೆನ್ನು ಹತ್ತಿದ್ದ. ಇಬ್ಬರೂ ಎಷ್ಟು ಚೆಂದ ಆಡಿದರೆಂದರೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಕೊನೆಯ ಗಳಿಗೆಗೆ ನಮ್ಮ ತಂಡ ಒಂದೇ ಅಂಕ ಹಿಂದೆ. ಚೆಂಡು ತಮ್ಮನ ಕೈಯಲ್ಲಿ. ಅವನು ಎಡಕ್ಕೆ ನುಗ್ಗಿದ. ಗುಂಗುರು ಕೂದಲಿನವನು ಪಕ್ಕಕ್ಕೆ ಸರಿದ. ಬುಟ್ಟಿಯವರೆಗೂ ದಾರಿ ಖಾಲಿ. "ಹಾಕೋ!" ಎಂದು ನಾನು ಎದ್ದು ನಿಂತೆ.

ಅವನ ಕತ್ತು ಹಿಂದಕ್ಕೆ ಚಿಮ್ಮಿತು. ಕೈ ಗಾಳಿಗೆ ಹಾರಿತು.

ರೆಫರಿ ಸೀಟಿ ಊದಿದ. ಗುಂಗುರು ಕೂದಲಿನವನಿಗೆ ಅದು ಐದನೇ ಫೌಲ್, ಐದಾದರೆ ಅಂಕಣದಿಂದ ಹೊರಗೆ. ತಮ್ಮನಿಗೆ ಯಾರೂ ಅಡ್ಡ ಬಾರದ ಎರಡು ಫ್ರೀ ಥ್ರೋ, ಒಂದೊಂದಕ್ಕೆ ಒಂದಂಕ. ಎರಡನ್ನೂ ಹಾಕಿದ. ಕೋಚ್ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದ.

ಎಲ್ಲ ಮುಗಿದ ಮೇಲೆ ತಮ್ಮ ಟ್ರೋಫಿ ಹಿಡಿದು ನಾನು ಕಾಯುತ್ತಿದ್ದ ಹೊರಗಿನ ಮೆಟ್ಟಿಲ ಬಳಿ ಬಂದ. ಗುಂಗುರು ಕೂದಲಿನವನು ಅಲ್ಲೇ ಚೀಲ ಕಟ್ಟುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಗೊಂದಲವಿತ್ತು.

"ಅಲ್ಲ ಗುರೂ, ನಾನು ಮುಟ್ಟಲೇ ಇಲ್ಲ ಅಲ್ವಾ?"

"ಹೂಂ," ಎಂದ ತಮ್ಮ.

"ನನಗೆ ಆಗ್ಲೇ ನಾಲ್ಕು ಫೌಲ್ ಆಗಿತ್ತು. ನಿನ್ನ ಎಡಗೈನ ತಡೆಯೋಕಾಗಲ್ಲ ಅಂತಾನೂ ಗೊತ್ತಿತ್ತು. ಅದಕ್ಕೇ ದಾರಿ ಬಿಟ್ಟೆ. ಸುಮ್ನೆ ಹಾಕ್ಬೇಕಿತ್ತು ಕಣಪ್ಪ. ಯಾಕೆ ಬಿದ್ದೆ?"

"ಹಾಕಿದ್ರೆ ಒಂದೇ ಸಲ. ಬಿದ್ರೆ ಎರಡು ಸಲ ಎಸೆಯೋಕೆ ಸಿಗುತ್ತೆ," ಎಂದು ತಮ್ಮ ನಕ್ಕ. ಜೊತೆಗೆ ಯಾರೂ ನಗಲಿಲ್ಲ. ಅವನ ನಗು ಆರಿತು. "ತಪ್ಪಿದ್ರೆ ಏನ್ ಮಾಡ್ಲಿ?" ಎಂದ, ಸಣ್ಣ ದನಿಯಲ್ಲಿ.

ಗುಂಗುರು ಕೂದಲಿನವನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ. ಎದುರಾಳಿ ನಂಬಿದಷ್ಟೂ ಇವನು ತನ್ನ ಕೈಯನ್ನು ನಂಬಿರಲಿಲ್ಲ. ಅಳು ಬರುವಷ್ಟು ಹೇಸಿಗೆಯಾಯಿತು ನನಗೆ.

"ಅಕ್ಕಾ, ಇದನ್ನ ಸ್ವಲ್ಪ ಹಿಡ್ಕೋ, ಶೂ ಬಿಚ್ಬೇಕು," ಎಂದು ಟ್ರೋಫಿ ಚಾಚಿದ.

"ನೆಲದ ಮೇಲಿಡು," ಎಂದೆ.