ಪರಾತದಲ್ಲಿ ಬಿಸಿಲು ಹಿಡಿಯುವ ಸಾಬಮ್ಮ

ಕಮಲಾಪುರದ ಜಾಗೀರದಾರರ ದೊಡ್ಡ ಮನೆಯಾದ ಹಳೆಯ ದೇವಡಿಯಲ್ಲಿ ಇನ್ನೂ ನಸುಕು. ಸಾಬಮ್ಮ ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆಯ ಪರಾತ ತಿಕ್ಕುತ್ತಿದ್ದಾಳೆ. ರೊಟ್ಟಿಯ ಹಿಟ್ಟು ನಾದುವ ಈ ಅಗಲ ತಟ್ಟೆಗೆ ಇಂದು ಬೇರೆ ಕೆಲಸವಿದೆ. ಕಲಬುರಗಿಯ ಚಿತ್ರಕಲೆ ತರಗತಿಯವರು ದಿವಾನಖಾನೆಯ ಮರದ ಛಾವಣಿಯಲ್ಲಿ ಬಣ್ಣದಿಂದ ಬಿಡಿಸಿರುವ ಗಿಳಿಗಳನ್ನು ನೋಡಿ ಬರೆದುಕೊಳ್ಳಲು ಬರುತ್ತಾರೆ. ಒಳಗೆ ಕತ್ತಲು. ಬಾಗಿಲಲ್ಲಿ ಕೂತು ಪರಾತವನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಮೇಲಕ್ಕೆ ಹಾಯಿಸುವುದು ಆಕೆಯದೇ ಉಪಾಯ.

ಮಹಾಗಾಂವದಿಂದ ಈ ಊರಿಗೆ ಸೊಸೆಯಾಗಿ ಬಂದ ಸಾಬಮ್ಮ ಇಪ್ಪತ್ತೆರಡು ವರ್ಷಗಳಿಂದ ಈ ಮನೆ ಕಾಯುತ್ತಿದ್ದಾಳೆ. ದಿನಕ್ಕೆ ಮೂವತ್ತೊಂದು ಬಾಗಿಲು ತೆರೆದು ಮುಚ್ಚಬೇಕು, ಹದಿನೆಂಟು ಕೊಡ ನೀರು ಸೇದಬೇಕು. ವಾರಕ್ಕೊಮ್ಮೆ ಬಿದಿರಿನ ಗಳುವಿಗೆ ಅರಿವೆ ಸುತ್ತಿ ಛಾವಣಿ ಒರೆಸಬೇಕು. ಎರಡು ವರ್ಷದ ಹಿಂದೆ, 1948ರ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಓಣಿಯ ಜನ ಹೊಲಗಳಿಗೆ ಓಡಿದಾಗಲೂ ಬೀಗದಕೈ ಅವಳ ಸೊಂಟದಲ್ಲೇ ಇತ್ತು.

"ನಮ್ಮವರು ಓಡು ಬಾ ಅಂದ್ರು. ಬಾಗಲಾ ಹಾಕ್ಕೊಂಡು ಬರ್ತೀನಿ ಅಂದೆ. ಮೂವತ್ತೊಂದೂ ಹಾಕೂದ್ರಾಗ ಗದ್ಲಾನಽ ಮುಗದಿತ್ತು!" ಎಂದು ಹೇಳಿ ನಗುವುದು ಅವಳ ರೂಢಿ.

ಈ ತಿಂಗಳು ಮಾತ್ರ ನಗು ಕಡಿಮೆ. ಜಾಗೀರು ರದ್ದಾಗಿ ಮನೆ ಸರ್ಕಾರದ ವಶಕ್ಕೆ ಹೋಗುತ್ತಿದೆ. ತಪಾಸಣೆಗೆ ಬಂದ ಗುಮಾಸ್ತ ಬೂಟು ಬಿಚ್ಚಲು ಬೇಸರಪಟ್ಟು ಹೊಸ್ತಿಲಲ್ಲೇ ನಿಂತು ಎಣಿಸಿದ. ಹಳೆಯ ಪಟ್ಟಿಯಲ್ಲಿ ಹನ್ನೆರಡು ಗಿಳಿ, ಕಂಡದ್ದು ಹನ್ನೊಂದು. ಬಾಗಿಲಲ್ಲಿ ಪರಾತ ಹಿಡಿದು ಸಾಬಮ್ಮನೂ ಎಣಿಸಿದಳು. ಹನ್ನೊಂದೇ. ಸೋಮವಾರ ಅವನು ಮತ್ತೆ ಬರುವಷ್ಟರಲ್ಲಿ ಸಿಗದಿದ್ದರೆ ಕೆಲಸವೂ ಇಲ್ಲ, ಹಿತ್ತಲ ಕೋಣೆಯೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿರುವುದು ಬೇರೆಯೇ. ಧೂಳು ಬೀಳುತ್ತದೆಂದು ಅವಳು ಕಣ್ಣು ಮುಚ್ಚಿಯೇ ಒರೆಸುತ್ತಾಳೆ.

"ನಾನಽ ಒರಸಿ ಅಳಿಸಿಬಿಟ್ಟೀನೇನೋ ಅಂತ ಅನ್ನ ಸೇರವಲ್ದುರೀ."

ಹೊತ್ತೇರುತ್ತಲೇ ಬಸ್ಸು ಬರುತ್ತದೆ. ಹುಡುಗರು ದಿವಾನಖಾನೆ ತುಂಬ ಕೂರುತ್ತಾರೆ. ಅವರಲ್ಲಿ ತಡವಾಗಿ ಒಳಬಂದ ಗಾಜಿಪುರದ ಹುಡುಗಿ ಅಂಬಮ್ಮ ಜಾಗ ಸಿಗದೆ, ಛಾವಣಿಯ ದಪ್ಪ ತೊಲೆಯ ಆಚೆ ಗೋಡೆಗೆ ತಲೆಯಿಟ್ಟು ಅಂಗಾತ ಮಲಗುತ್ತಾಳೆ.

"ನಿದ್ದಿ ಮಾಡಾಕ ಬಂದೀಯೇನವಾ?" ಎಂದು ಮಾಸ್ತರ ಹಣಮಂತರಾಯರು ಕೆಣಕುತ್ತಾರೆ.

"ಇಲ್ರೀ ಸರ. ಆಯಿ, ಪರಾತ ಈ ಬಾಜೂ ಬಾಗಲಿಗೆ ತರ್ರಿ. ಇಲ್ಲಿ ಕತ್ತಲ ಐತಿ."

ಸಾಬಮ್ಮ ಪಕ್ಕದ ಬಾಗಿಲು ತೆರೆದು ಪರಾತ ಓರೆ ಮಾಡುತ್ತಾಳೆ. ಬೆಳಕು ನಡುಗುತ್ತ ಹೋಗಿ ತೊಲೆಯ ಮರೆಯಲ್ಲಿ ನಿಲ್ಲುತ್ತದೆ.

"ಈ ಗಿಳಿ ಬಾಲ ಯಾಕ ಮೋಟ ಐತ್ರಿ ಸರ?"

"ಬರದಾವಗೂ ಜಾಗ ಸಾಲಿಲ್ಲ ಕಾಣತದ. ನಿನ್ನಂಗ ತಡಾ ಮಾಡಿ ಬಂದಿರಬೇಕು."

ಎಲ್ಲರೂ ನಗುತ್ತಾರೆ. ಸಾಬಮ್ಮ ಪರಾತವನ್ನು ಮಾಸ್ತರ ಕೈಗೆ ಕೊಟ್ಟು ಒಳಗೆ ಬಂದು, ಅಂಬಮ್ಮನ ಪಕ್ಕದಲ್ಲಿ ತಾನೂ ಅಂಗಾತ ಮಲಗಿಬಿಡುತ್ತಾಳೆ. ತೊಲೆಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಬಾಗಿಲಿನಿಂದ ಎಂದೂ ಕಾಣದ ಹನ್ನೆರಡನೆಯ ಗಿಳಿ. ಹಸಿರು ಮಾಸಿಲ್ಲ, ಕೊಕ್ಕಿನ ಕೆಂಪೂ ಹಾಗೇ ಇದೆ. ಮಲಗಿದಲ್ಲಿಂದಲೇ ಅವಳು ಹನ್ನೊಂದೇ ಎಣಿಸಿ ಹೋದ ಗುಮಾಸ್ತನ ಕಥೆಯನ್ನು ಮಾಸ್ತರಿಗೆ ಹೇಳುತ್ತಾಳೆ.

"ಸೋಮವಾರ ಗುಮಾಸ್ತಗ ಬೂಟ ಬಿಚ್ಚಸೂದು ನಿಂದಽ ಕೆಲಸ, ಸಾಬಮ್ಮ," ಎನ್ನುತ್ತಾರೆ ಮಾಸ್ತರು, ಬಿಸಿಯಾದ ಪರಾತ ಹಿಂದಿರುಗಿಸುತ್ತ.

"ಬಿಚ್ಚಸ್ತೀನ್ರಿ. ಇಲ್ಲೇ ಅಂಗಾತ ಮಲಗಸ್ತೀನಿ," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ನೋಡ್ರಿ, ನಾ ಒರಸಿದ್ದು ಧೂಳಷ್ಟಽ. ಗಿಳಿ ಅಲ್ಲ."